ನೀನು ನನ್ನನ್ನು ‘ನೀವು’ ಎಂದ ದಿನ

ಸ್ಟುಡಿಯೋ ಮೇಲಿನ ಮನೆ,
ಡಿಸೆಂಬರ್ ೭, ಶನಿವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ನಿದ್ದೆ ಬರುತ್ತಿದೆಯಾ? ಬಾಯಿ ಒಣಗುವುದು ಕಡಿಮೆಯಾಯಿತಾ? ಹೊಸ ಮಾತ್ರೆ ಶುರುವಾದ ಮೇಲೆ ಸ್ವಲ್ಪ ದಿನ ನಾಲಿಗೆ ದಪ್ಪಗಾದ ಹಾಗೆ ಅನ್ನಿಸುತ್ತದೆ, ಹೆದರಬೇಕಾಗಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅಮ್ಮ ಕಳಿಸಿದ ಬೂದು ಸ್ವೆಟರ್ ಕೈಗೆ ಬಂತಾ? ಗುಂಡಿಗಳನ್ನೆಲ್ಲ ಕಿತ್ತು ಕಳಿಸಬೇಕು ಎಂದು ನಿಮ್ಮ ವಾರ್ಡಿನವರು ಹೇಳಿದ್ದರು, ಅದಕ್ಕೇ ಎದೆ ತೆರೆದುಕೊಂಡಿರುತ್ತದೆ. ಮುದುಕಿ ಗುಂಡಿ ಹಾಕುವುದನ್ನೇ ಮರೆತಳು ಎಂದು ನಗಬೇಡ. ಒಂದೊಂದು ಗುಂಡಿ ಬಿಚ್ಚುವಾಗಲೂ ಅವಳು ಆಸ್ಪತ್ರೆಯವರಿಗೆ ಹಾಕಿದ ಶಾಪ ಕೇಳಿದ್ದರೆ ನೀನು ನಿಜವಾಗಿಯೂ ನಗುತ್ತಿದ್ದೆ. ಅವಳ ಮಂಡಿನೋವು ಹಾಗೇ ಇದೆ, ನಾಲಿಗೆಯ ಚುರುಕೂ ಹಾಗೇ ಇದೆ. ನನ್ನ ಹೆಗಲ ಮೂಳೆ ಚೆನ್ನಾಗಿ ಕೂಡಿಕೊಂಡಿದೆ, ತಲೆ ಬಾಚಿಕೊಳ್ಳುವಷ್ಟು ಕೈ ಮೇಲಕ್ಕೆ ಬರುತ್ತದೆ. ಎಡಗಿವಿ ಮಾತ್ರ ಕೇಳುವುದಿಲ್ಲ, ಇನ್ನು ಕೇಳುವುದೂ ಇಲ್ಲವಂತೆ. ನಿನ್ನಿಂದ ಮುಚ್ಚಿಡುವುದಿಲ್ಲ ಎಂದು ತೀರ್ಮಾನಿಸಿಯೇ ಪೆನ್ನು ಹಿಡಿದಿದ್ದೇನೆ. ಒಂದು ಅನುಕೂಲವೂ ಆಗಿದೆ. ಅಮ್ಮ ಗೊಣಗಲು ಶುರು ಮಾಡಿದಾಗ ಅವಳ ಕಡೆಗೆ ಎಡಗಿವಿ ತಿರುಗಿಸಿ ಕೂರುತ್ತೇನೆ.

ಸ್ಟುಡಿಯೋ ಮತ್ತೆ ತೆರೆದಿದ್ದೇನೆ. ಕ್ಯಾಮೆರಾ ಈಗ ನನ್ನ ಕೈಯಲ್ಲಿ. ಕೌಂಟರಿನಲ್ಲಿ ಕೂತು ಫೋಟೋ ಕತ್ತರಿಸಿ ಕವರಿಗೆ ಹಾಕುವುದೊಂದೇ ಬರುತ್ತಿದ್ದವಳ ಗತಿ ಊಹಿಸಿಕೋ. ನಾನು ತೆಗೆದ ಫೋಟೋದಲ್ಲಿ ಎಲ್ಲರೂ ಹಲ್ಲು ಕೀಳಿಸಿಕೊಳ್ಳಲು ಹೆದರಿ ಬಾಯಿ ಬಿಗಿದು ಕೂತವರ ಹಾಗೆ ಬರುತ್ತಾರೆ. ಮೊನ್ನೆ ಶಾಲೆಯ ಹೆಡ್‌ಮೇಷ್ಟ್ರು ತಮ್ಮ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, “ಅಣ್ಣ ಯಾವಾಗ ಬರ್ತಾರಮ್ಮಾ?” ಎಂದರು. ಆಮೇಲೆ ತಾವು ಏನು ಕೇಳಿಬಿಟ್ಟೆವು ಎಂದು ನೆನಪಾಗಿ ಕೊಡೆಯನ್ನೂ ಬಿಟ್ಟು ಹೊರಟುಹೋದರು. ಬೀದಿಯಲ್ಲಿ ಎಲ್ಲರೂ ಹೀಗೇ. ಕೆಲವರಿಗೆ ನಿನ್ನ ಮೇಲೆ ಕನಿಕರ, ಕೆಲವರಿಗೆ ಕೋಪ. ಪಕ್ಕದ ಚಪ್ಪಲಿ ಅಂಗಡಿಯವರಿಗೆ ಎರಡೂ.

ಗುರುವಾರ ನಿನ್ನ ವಕೀಲರು ಮನೆಗೆ ಬಂದಿದ್ದರು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆಮೇಲೆ, “ನಿಮ್ಮಣ್ಣ ತೀರ್ಪು ಕೇಳಿ ಖುಷಿ ಪಡ್ತಾರೆ ಅಂದ್ಕೊಂಡಿದ್ದೆ. ಗೋಡೆ ಕಡೆ ತಿರುಗಿ ಮಲಗಿಬಿಟ್ರು” ಎಂದರು. ಊಟ ಬಿಟ್ಟಿದ್ದೀಯಂತೆ. “ಹುಚ್ಚ ಅನ್ನೋ ಬದಲು ಅಪರಾಧಿ ಅನ್ನಿ. ಎಲ್ರಿಗೂ ಕೊಡೋ ಶಿಕ್ಷೆ ನನಗೂ ಕೊಡಿ” ಎಂದೆಯಂತೆ. “ನನ್ನ ಪರ ಮಾತಾಡು ಅಂತ ಅವಳಿಗೆ ಯಾರು ಹೇಳಿದ್ರು? ಇನ್ಮೇಲೆ ನನ್ನ ನೋಡೋಕೆ ಬರೋದು ಬೇಡ ಅನ್ನಿ” ಎಂದೂ ಹೇಳಿ ಕಳಿಸಿದ್ದೀಯ. ಅಮ್ಮ ಒಳಗೆ ನೀರು ತರಲು ಹೋದವಳು ಈಚೆಗೆ ಬರಲೇ ಇಲ್ಲ.

ಅಣ್ಣಾ, ನಾನು ನಿನ್ನ ಪರ ಮಾತಾಡಲಿಲ್ಲ. ನಡೆದದ್ದನ್ನು ಹೇಳಿದೆ, ಅಷ್ಟೆ. ಸಾಕ್ಷಿಯ ದಿನ ನಿನ್ನ ಮನಸ್ಸು ಅಷ್ಟು ಗಟ್ಟಿಯಾಗಿಲ್ಲವೆಂದು ಡಾಕ್ಟರಮ್ಮ ಬರೆದುಕೊಟ್ಟಿದ್ದರಿಂದ ನಿನ್ನನ್ನು ಕರೆತಂದಿರಲಿಲ್ಲ. ಹಾಗಾಗಿ ನಾನು ಏನು ಹೇಳಿದೆ ಎಂಬುದು ನಿನಗೆ ಬೇರೆಯವರ ಬಾಯಿಂದಲೇ ತಲುಪಿದೆ. ಆ ದಿನದ್ದು ನಿನಗೆ ಚೂರು ಚೂರಾಗಿ ಮಾತ್ರ ನೆನಪಿದೆಯಂತೆ. ನಾನು ಎಲ್ಲವನ್ನೂ ಬರೆಯಬಹುದೇ ಎಂದು ಡಾಕ್ಟರಮ್ಮನನ್ನು ಕೇಳಿದೆ. “ಬರೀರಿ. ನಿಜ ಗೊತ್ತಾಗಲೇಬೇಕು. ನಿಮ್ಮಿಂದ ಗೊತ್ತಾದ್ರೆ ಒಳ್ಳೇದು” ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಮಧ್ಯೆ ನಿಲ್ಲಿಸಬೇಕು ಅನ್ನಿಸಿದರೆ ನಿಲ್ಲಿಸು, ನೀರು ಕುಡಿದು ಮತ್ತೆ ಓದು.

ಆಗ ನೀನು ತಲೆಯ ಕಾಯಿಲೆಯ ಮಾತ್ರೆ ಬಿಟ್ಟದ್ದು ಯಾಕೆಂದು ನನಗೆ ಗೊತ್ತು. ಕೈ ನಡುಗುತ್ತಿತ್ತು. “ಕೈ ನಡುಗೋ ಫೋಟೋಗ್ರಾಫರ್, ಕಾಲಿಲ್ಲದ ಪೋಸ್ಟ್‌ಮನ್ ಇದ್ದ ಹಾಗೆ” ಎಂದಿದ್ದೆ ನೀನು. ಆಮೇಲೆ ನಿದ್ದೆ ಹೋಯಿತು. ಆಮೇಲೆ ನನ್ನನ್ನು ದಿನಾ ಸ್ಟೂಲಿನ ಮೇಲೆ ಕೂರಿಸಿ ಫೋಟೋ ತೆಗೆಯಲು ಶುರು ಮಾಡಿದೆ. ಎದುರಿನಿಂದ, ಎಡದಿಂದ, ಬಲದಿಂದ. ಹೊಸ ಲೆನ್ಸ್ ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡು ನಾನು ಗಲ್ಲ ಎತ್ತಿ ಕೂರುತ್ತಿದ್ದೆ. ನೀನು ನನ್ನ ಹಳೆಯ ಫೋಟೋಗಳನ್ನೂ ಹೊಸವನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದು ಕಿವಿ ನೋಡುತ್ತಿದ್ದೆ, ಕಣ್ಣಿನ ಅಂಚು ನೋಡುತ್ತಿದ್ದೆ. ಜನರ ಮುಖ ನೋಡಿ ನೋಡಿ ಬದುಕಿದವನಿಗೆ ತನ್ನ ತಂಗಿಯ ಮುಖವೇ ಬೇರೆಯವರದ್ದಾಗಿ ಕಾಣಲು ಶುರುವಾಗಿತ್ತು. ಇಷ್ಟು ಈಗ ಹೇಳುತ್ತಿದ್ದೇನೆ, ಆಗ ನಮಗ್ಯಾರಿಗೂ ತಿಳಿಯಲಿಲ್ಲ. ಯಾರಿಗೆ ಹೊಳೆಯುತ್ತದೆ ಹೇಳು?

ಆ ದಿನ ಊಟದ ಹೊತ್ತು ಮುಗಿದಿತ್ತು, ಗಿರಾಕಿಗಳಿರಲಿಲ್ಲ. ನಾನು ಕೌಂಟರಿನ ಹಿಂದೆ ಪಾಸ್‌ಪೋರ್ಟ್ ಫೋಟೋಗಳನ್ನು ಕತ್ತರಿಸುತ್ತಿದ್ದೆ. ನೀನು ಬೀದಿಯ ಎರಡೂ ಕಡೆ ನೋಡಿ ಶಟರ್ ಎಳೆದೆ. ಬಿಸಿಲಿಗೆ ಎಳೆದೆ ಎಂದುಕೊಂಡೆ. ಹತ್ತಿರ ಬಂದು ಮೆಲ್ಲಗೆ, “ಸ್ವಲ್ಪ ಈ ಕಡೆ ತಿರುಗ್ತೀರಾ?” ಎಂದೆ. ನಾಟಕ ಮಾಡುತ್ತಿದ್ದಾನೆ ಎಂದು ನನಗೆ ನಗು ಬಂತು, ನಗುತ್ತಲೇ ತಿರುಗಿದೆ. ದೊಡ್ಡ ಲೈಟಿನ ಕಬ್ಬಿಣದ ಸ್ಟ್ಯಾಂಡು ಆಗಲೇ ನಿನ್ನ ಕೈಯಲ್ಲಿತ್ತು. ಮೊದಲ ಏಟು ಹೆಗಲಿಗೆ, ಎರಡನೆಯದು ಕಿವಿಯ ಮೇಲೆ. ನಾನು ಬಿದ್ದೆ. ನೀನು ನನ್ನ ಮೇಲೆ ಬಾಗಿ ನನ್ನ ತೋಳು ಹಿಡಿದು ಕೂಗುತ್ತಿದ್ದೆ: “ನಮ್ಮ ಗುಂಡ್ಸೂಜಿನ ಏನ್ ಮಾಡಿದ್ರಿ? ಅವಳ ಬಟ್ಟೆ ನಿಮಗೆ ಹೇಗೆ ಬಂತು? ಹೇಳಿ! ಎಲ್ಲಿಟ್ಟಿದ್ದೀರಿ ಅವಳನ್ನ?” ಗುಂಡ್ಸೂಜಿ ನಾನೇ ಕಣೋ ಅಣ್ಣಾ ಎಂದು ಹೇಳಲು ಬಾಯಿ ಬರಲಿಲ್ಲ. ಚಿಕ್ಕಂದಿನಲ್ಲಿ ಸಣ್ಣಗೆ, ಚುಚ್ಚುವ ಹಾಗಿದ್ದೆ ಎಂದು ನೀನೇ ಇಟ್ಟ ಹೆಸರು ಅದು. ಆಮೇಲೆ ನನ್ನನ್ನು ಬಿಟ್ಟು ಪರದೆಯ ಹಿಂದೆ ಹೋದೆ. ಸಾಮಾನಿನ ಕೋಣೆಯ ಬಾಗಿಲು ತೆಗೆದೆ. ಆ ಮಂಕು ಬೆಳಕಿನಲ್ಲಿ ಒಂದೊಂದೇ ಪೆಟ್ಟಿಗೆ ಸರಿಸಿ, “ಗುಂಡ್ಸೂಜೀ, ಹೆದರ್ಬೇಡ ಕಣೇ, ನಾನಿದ್ದೀನಿ” ಎಂದು ಕರೆಯುತ್ತಿದ್ದೆ. ಅಣ್ಣಾ, ನನ್ನ ಕಿವಿಯಿಂದ ರಕ್ತ ಸೋರುತ್ತಿತ್ತು, ಆದರೂ ನಿನ್ನ ಆ ದನಿ ಕೇಳಿ ಓಗೊಡಬೇಕು ಅನ್ನಿಸಿತು. ಆಮೇಲೆ ಒಳಗಿನ ನಲ್ಲಿಯ ಸದ್ದು ಕೇಳಿಸಿತು, ಅಷ್ಟರಲ್ಲಿ ಚಪ್ಪಲಿ ಅಂಗಡಿಯವರು ಶಟರ್ ಎತ್ತಿದರು.

ನೀನು ಓದುವುದನ್ನು ನಿಲ್ಲಿಸಿದ್ದರೆ ನಿಲ್ಲಿಸಿರು. ನಾನೂ ಎದ್ದು ಹೋಗಿ ಬಂದೆ. ಅಮ್ಮ ಬಾಗಿಲಲ್ಲಿ ನಿಂತು ನಾನು ಬರೆಯುತ್ತಿರುವುದನ್ನು ನೋಡಿ ಹೋದಳು.

ಆಸ್ಪತ್ರೆಯಲ್ಲಿ ನಾನು ಕಣ್ಣು ಬಿಟ್ಟಾಗ ಅಮ್ಮ ಪಕ್ಕದಲ್ಲಿದ್ದಳು. ನಿನ್ನನ್ನು ಪೊಲೀಸಿನವರು ಕರೆದುಕೊಂಡು ಹೋಗಿದ್ದರು. ಅವಳು ನನ್ನ ಕೈ ಹಿಡಿದುಕೊಂಡು, “ಒಂದು ಕಣ್ಣು ಇನ್ನೊಂದು ಕಣ್ಣನ್ನ ಚುಚ್ಚಿದ್ರೆ ನಾನು ಯಾವ ಕಣ್ಣಲ್ಲಿ ಅಳ್ಲಿ ಹೇಳೇ?” ಎಂದಳು. ನಮ್ಮ ಯಜಮಾನರು ಮಾತ್ರ ಕುದಿಯುತ್ತಿದ್ದರು. ನಿನ್ನ ಭಾವಮೈದುನನ ಸ್ವಭಾವ ನಿನಗೆ ಗೊತ್ತು. ಕರೆಂಟ್ ಕಂಬ ಹತ್ತುವ ಮನುಷ್ಯ, ಎಲ್ಲವೂ ಆನ್ ಅಥವಾ ಆಫ್. “ತಲೆ ಸರಿ ಇತ್ತೋ ಇಲ್ವೋ, ಹೊಡೆದದ್ದು ಹೊಡೆದದ್ದೇ. ನೀನು ಸತ್ತೇ ಹೋಗಿದ್ರೆ? ತಲೆ ಸರಿ ಇರೋನು ಕೊಂದಿದ್ರೆ ಪೂರ್ತಿ ಸಾವು, ಇಲ್ಲದೋನು ಕೊಂದಿದ್ರೆ ಅರ್ಧ ಸಾವಾ?” ಎಂದು ನರ್ಸುಗಳಿಗೂ ಕೇಳುವ ಹಾಗೆ ಕೂಗಾಡಿದರು. ಮನೆಗೆ ಬಂದ ಮೇಲೆ ಒಂದು ದಿನ ಕೇಳಿದೆ: “ಕರೆಂಟ್ ಹೊಡೆದ್ರೆ ನೀವು ತಂತಿನ ಜೈಲಿಗೆ ಹಾಕ್ತೀರಾ, ರಿಪೇರಿ ಮಾಡ್ತೀರಾ?” ಇವರು ತಟ್ಟೆಯಿಂದ ತಲೆ ಎತ್ತದೆ, “ಮೊದಲು ಲೈನ್ ಆಫ್ ಮಾಡ್ತೀವಿ. ರಿಪೇರಿ ಆಮೇಲೆ” ಎಂದರು. ಆ ಮಾತೂ ಸರಿಯೇ ಅಣ್ಣಾ. ಅಮ್ಮ ಇವರೊಂದಿಗೆ ಎಷ್ಟೋ ದಿನ ಮಾತು ಬಿಟ್ಟಿದ್ದಳು. ಅವಳ ಪ್ರಕಾರ ನಿನ್ನದು ಏನೇನೂ ತಪ್ಪಿಲ್ಲ, ಜ್ವರ ಬಂದ ಹಾಗೆ ಬಂತು, ಬಿಟ್ಟಿತು, ಮಗನನ್ನು ಮನೆಗೆ ಕಳಿಸಿಬಿಡಲಿ. ಒಂದೇ ಒಲೆಯ ಮುಂದೆ ಇಬ್ಬರೂ ಬೆನ್ನು ತಿರುಗಿಸಿ ಕೂರುತ್ತಿದ್ದರು. ನಡುವೆ ನಾನು, ಒಂದು ಕಿವಿಯವಳು, ಇಬ್ಬರ ಮಾತನ್ನೂ ಆ ಕಡೆಯಿಂದ ಈ ಕಡೆಗೆ ಸಾಗಿಸುತ್ತಿದ್ದೆ.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಕೆಟ್ಟವರೇನಲ್ಲ. ನನಗೆ ಕೂರಲು ಕುರ್ಚಿ ಕೇಳಿ ಕೊಡಿಸಿದವರೂ ಅವರೇ, ಬಲಗಿವಿಯ ಕಡೆ ಬಂದು ನಿಂತು ಮಾತಾಡಿದವರೂ ಅವರೇ. ಆದರೆ ಅವರ ಮಾತು ಗಟ್ಟಿಯಾಗಿತ್ತು. ದಿನಗಟ್ಟಲೆ ಫೋಟೋ ತೆಗೆದ, ಅಂದರೆ ಮೊದಲೇ ಯೋಚಿಸಿದ್ದ. ಶಟರ್ ಎಳೆದ, ಅಂದರೆ ಯಾರೂ ನೋಡಬಾರದೆಂಬ ಅರಿವಿತ್ತು. ಚಪ್ಪಲಿ ಅಂಗಡಿಯವರು ಹಿಡಿದುಕೊಂಡಾಗ ಕೈ ತೊಳೆಯುತ್ತಿದ್ದ, ಅಂದರೆ ತಪ್ಪೆಂದು ಗೊತ್ತಿತ್ತು. “ಇಷ್ಟೆಲ್ಲ ತಿಳುವಳಿಕೆ ಇದ್ದೋನಿಗೆ ಬುದ್ಧಿ ಸ್ವಾಧೀನ ಇರಲಿಲ್ಲ ಅಂದ್ರೆ ಹೇಗಮ್ಮ ನಂಬೋದು?” ಎಂದರು. ಬೀದಿಯ ಎರಡೂ ಕಡೆ ನೋಡಿದನೇ ಎಂದು ಕೇಳಿದರು. ನೋಡಿದ ಎಂದೆ. ಅದನ್ನೂ ಹೇಳಿದೆ ಅಣ್ಣಾ, ನಿನ್ನ ವಕೀಲರು ಕಣ್ಣು ಮುಚ್ಚಿಕೊಂಡರು. ಕೈ ಯಾಕೆ ತೊಳೆದ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ನಿಜವಾಗಿಯೂ ನನಗೆ ಗೊತ್ತಿಲ್ಲ. ಆಮೇಲೆ ಕೇಳಿದರು, ಇಡೀ ಕೋರ್ಟು ಅದಕ್ಕೇ ಕಾಯುತ್ತಿದ್ದ ಹಾಗಿತ್ತು: “ಹೊಡೆಯುವಾಗ, ಹೊಡೀತಿರೋದು ತನ್ನ ತಂಗಿಗೆ ಅಂತ ಅವನಿಗೆ ಗೊತ್ತಿತ್ತಾ?”

ನೀನು ಕೂಗಿದ್ದನ್ನು ಇದ್ದ ಹಾಗೇ ಹೇಳಿದೆ. “ನನ್ನ ‘ನೀವು’ ಅಂದ ಸರ್” ಎಂದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರೂ ಬಿಡುವವರಲ್ಲ. “ಕೋಪ ಬಂದಾಗ ಮನೆಯವರನ್ನೇ ‘ಹೌದಪ್ಪ, ದೊಡ್ಡ ಮನುಷ್ಯರು ನೀವು’ ಅಂತ ಚುಚ್ಚೋದುಂಟಲ್ಲಮ್ಮ?” ಎಂದರು. “ಉಂಟು ಸರ್. ಚುಚ್ಚೋವಾಗ ನಮ್ಮಣ್ಣನ ತುಟಿ ಓರೆಯಾಗುತ್ತೆ. ಅವತ್ತು ಆಗಿರಲಿಲ್ಲ. ಗುರುತಿಲ್ಲದ ಗಿರಾಕಿ ಹತ್ರ ಮಾತಾಡೋ ಹಾಗೆ ಮಾತಾಡಿದ. ನಾನು ಹುಟ್ಟಿದಾಗಿನಿಂದ ಒಂದು ದಿನಾನೂ ನನ್ನ ನೀವು ಅಂದೋನಲ್ಲ. ಕೋಪ ಬಂದ್ರೆ ‘ಲೇ’ ಅಂತಾನೆ. ಅವತ್ತು ಲೇ ಅಂದು ಹೊಡೆದಿದ್ರೆ ನಾನೇ ನಿಂತು ಹೇಳ್ತಿದ್ದೆ ಸರ್, ಎಲ್ರಿಗೂ ಕೊಡೋ ಶಿಕ್ಷೆ ಇವನಿಗೂ ಕೊಡಿ ಅಂತ.” ಸರ್ಕಾರಿ ವಕೀಲರು ತಮ್ಮ ಕಾಗದ ಮಡಚಿಕೊಂಡು, ಬೇರೆ ಪ್ರಶ್ನೆ ಇಲ್ಲ ಎಂದು ಕೂತರು. ನ್ಯಾಯಾಧೀಶರು ಕನ್ನಡಕ ತೆಗೆದು, “ನಿಮಗೇನು ಬೇಕಮ್ಮ?” ಎಂದು ಕೇಳಿದರು. ಅಷ್ಟು ದಿನ ಎಲ್ಲರೂ ಏನಾಯಿತು ಎಂದು ಕೇಳಿದ್ದರೇ ಹೊರತು ಏನು ಬೇಕು ಎಂದು ಯಾರೂ ಕೇಳಿರಲಿಲ್ಲ. “ಇನ್ನೊಬ್ಬರಿಗೆ ಹೀಗಾಗಬಾರದು ಸರ್. ಅವನಿಗೂ ಇನ್ನೊಂದು ಸಲ ಹೀಗಾಗಬಾರದು” ಎಂದೆ. ಬರೆದುಕೊಂಡರೋ ಇಲ್ಲವೋ ಕಾಣಲಿಲ್ಲ.

ತೀರ್ಪಿನ ದಿನ ಅವರು ಓದಿದ್ದನ್ನು ನಿನಗೆ ಯಾರೂ ಪೂರ್ತಿ ಹೇಳಿರಲಾರರು. “ಏನೂ ಆಗಿಲ್ಲ” ಎಂದು ಅವರು ಹೇಳಲಿಲ್ಲ ಅಣ್ಣಾ. ಏಟು ಬಿದ್ದದ್ದು ನಿಜ, ಹೊಡೆದವನು ನೀನೇ ಎಂದು ಮೊದಲು ಹೇಳಿದರು. ಆಮೇಲೆ, ಆ ಹೊತ್ತಿನಲ್ಲಿ ತಾನು ಯಾರಿಗೆ ಏನು ಮಾಡುತ್ತಿದ್ದೇನೆಂದು ತಿಳಿಯುವ ಸ್ಥಿತಿ ಇವನಿಗಿರಲಿಲ್ಲ, ತಿಳಿಯದವನನ್ನು ತಿಳಿದು ಮಾಡಿದವನ ಸಾಲಿನಲ್ಲಿ ನಿಲ್ಲಿಸಲಾಗದು, ಆದರೆ ಬೀದಿಗೆ ಬಿಡಲೂ ಆಗದು ಎಂದರು. ವಾಸಿಯಾಗಿದೆ ಎಂದು ಡಾಕ್ಟರುಗಳು ಹೇಳಿ, ಕೋರ್ಟು ಒಪ್ಪುವವರೆಗೆ ಆಸ್ಪತ್ರೆ. ಹೊರಗೆ ಬಂದ ಮೇಲೆ ನಿನ್ನ ವಕೀಲರು ಬಿಡಿಸಿ ಹೇಳಿದರು. ಜೈಲಾದರೆ ಇಂಥ ದಿನ ಬಿಡುಗಡೆ ಎಂದಿರುತ್ತದೆ, ಇದಕ್ಕೆ ಅಂಥ ದಿನವಿಲ್ಲ, ಬೇಗನೂ ಆಗಬಹುದು, ಬಹಳ ವರ್ಷವೂ ಹಿಡಿಯಬಹುದು. ಇವರು ತಬ್ಬಿಬ್ಬಾಗಿ, “ಹಾಗಾದ್ರೆ ಜೈಲೇ ಆಗಿದ್ರೆ ಬೇಗ ಬರ್ತಿದ್ದ!” ಎಂದರು. ಅಮ್ಮ ಅಷ್ಟು ದಿನದ ಮೇಲೆ ಮೊದಲ ಸಲ ಇವರ ಕಡೆ ತಿರುಗಿ, “ಬೇಗ ಬಂದು ಏನ್ ಮಾಡ್ಬೇಕಪ್ಪಾ? ವಾಸಿಯಾಗಿ ಬರ್ಲಿ” ಎಂದಳು. ಮಗನನ್ನು ಇವತ್ತೇ ಕಳಿಸಿ ಎನ್ನುತ್ತಿದ್ದವಳ ಬಾಯಲ್ಲಿ ಆ ಮಾತು ಕೇಳಿ ಇವರು ಅವಳ ಕೈ ಹಿಡಿದು ಮೆಟ್ಟಿಲು ಇಳಿಸಿದರು. ಆ ಮೆಟ್ಟಿಲುಗಳು ಎಷ್ಟು ಕಡಿದೆಂದರೆ, ನ್ಯಾಯ ಕೇಳಲು ಬಂದವರ ಮಂಡಿಯ ಬಗ್ಗೆ ಕಟ್ಟಿಸಿದವರಿಗೆ ಕಾಳಜಿ ಇದ್ದಂತಿಲ್ಲ.

ಈಗ ನಿನಗೆ ಒಂದು ಮಾತು. ಹುಚ್ಚ ಅನ್ನಿಸಿಕೊಳ್ಳುವುದಕ್ಕಿಂತ ಅಪರಾಧಿ ಅನ್ನಿಸಿಕೊಳ್ಳುವುದು ನಿನಗೆ ಹಗುರ ಅನ್ನಿಸುತ್ತಿರಬಹುದು. ಅಪರಾಧಿಯಾದರೆ ಕೈ ನಿನ್ನದು, ಮನಸ್ಸು ನಿನ್ನದು, ಶಿಕ್ಷೆ ಮುಗಿದ ಮೇಲೆ ಲೆಕ್ಕ ಚುಕ್ತಾ. ಕಾಯಿಲೆ ಎಂದರೆ ನಿನ್ನ ತಲೆಯನ್ನೇ ನೀನು ನಂಬುವ ಹಾಗಿಲ್ಲ. ಅದು ಎಂಥ ಹೆದರಿಕೆ ಎಂದು ನಾನು ಊಹಿಸಬಲ್ಲೆ, ಅಷ್ಟೆ, ಅನುಭವಿಸಲಾರೆ. ಆದರೆ ನನಗಾಗಿ ನೀನು ಸುಳ್ಳು ಅಪರಾಧಿಯಾಗಬೇಡ. ತಂಗಿಯೆಂದು ತಿಳಿದೇ ಹೊಡೆದೆ ಎಂದು ನೀನು ಒಪ್ಪಿಕೊಂಡರೆ ನನಗೆ ನ್ಯಾಯ ಸಿಕ್ಕ ಹಾಗಾಗುವುದಿಲ್ಲ, ಇದ್ದ ಒಬ್ಬ ಅಣ್ಣನನ್ನೂ ಕಳೆದುಕೊಂಡ ಹಾಗಾಗುತ್ತದೆ. ಕ್ಷಮೆ ಕೇಳಬೇಕು ಅನ್ನಿಸಿದರೆ ಕೇಳು, ನಾನು ಬೇಡ ಅನ್ನುವುದಿಲ್ಲ. ನೋವಂತೂ ಆಗಿದೆ. ಆದರೆ ಊಟ ಬಿಡುವುದು ಕ್ಷಮೆ ಅಲ್ಲ, ಅದು ಅಮ್ಮನಿಗೆ ಕೊಡುವ ಶಿಕ್ಷೆ. ಗುರುವಾರದಿಂದ ಅವಳೂ ಅರ್ಧ ಊಟದಲ್ಲಿ ಎದ್ದು ಹೋಗುತ್ತಿದ್ದಾಳೆ. ನಿನಗೆ ಶಿಕ್ಷೆಯೇ ಬೇಕಿದ್ದರೆ ನಾನು ವಿಧಿಸುತ್ತೇನೆ, ತೆಗೆದುಕೋ: ದಿನಾ ಮಾತ್ರೆ, ಹೊಟ್ಟೆ ತುಂಬ ಊಟ, ಡಾಕ್ಟರಮ್ಮ ಕೇಳಿದ್ದಕ್ಕೆ ನಿಜವಾದ ಉತ್ತರ. ಕೈ ನಡುಗಿದರೆ ನಡುಗಲಿ. ನಡುಗುತ್ತದೆ ಎಂದು ಅವರಿಗೆ ಹೇಳು, ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯಬೇಡ. ಮುಂದೆ ಎಂದಾದರೂ ನೀನು ಹೊರಬಂದು ಮಾತ್ರೆ ಬಿಟ್ಟದ್ದು ಕಂಡರೆ, ಆಸ್ಪತ್ರೆಗೆ ಫೋನ್ ಮಾಡುವವಳು ನಾನೇ. ಈಗಲೇ ಹೇಳಿಟ್ಟಿದ್ದೇನೆ, ಆಮೇಲೆ ತಂಗಿ ಮೋಸ ಮಾಡಿದಳು ಅನ್ನಬೇಡ. ಆಗ ತಿಳಿಯದೆ ಆಯಿತು. ಈಗ ನಮ್ಮೆಲ್ಲರಿಗೂ ತಿಳಿದಿದೆ, ನಿನಗೂ.

ಅಮ್ಮ ನಿನ್ನ ತಲೆ ಸವರಿದ್ದೇನೆಂದು ಬರೆ ಎನ್ನುತ್ತಿದ್ದಾಳೆ, ಬರೆದಿದ್ದೇನೆ. ಕಿವಿಗೆ ತಣ್ಣನೆ ಗಾಳಿ ಬಡಿಯದ ಹಾಗೆ ಮಲಗಬೇಕಂತೆ. ಇವರು ಏನೂ ಹೇಳಿ ಕಳಿಸಿಲ್ಲ. ಆದರೆ ಇವತ್ತು ನಿಮ್ಮ ಆಸ್ಪತ್ರೆಯ ಕಡೆಗೇ ಡ್ಯೂಟಿ ಹಾಕಿಸಿಕೊಂಡಿದ್ದಾರೆ, ಈ ಕಾಗದವನ್ನು ತಾವೇ ಗೇಟಿನಲ್ಲಿ ಕೊಟ್ಟು ಬರುತ್ತಾರಂತೆ. ಅಂಚೆಯಲ್ಲಿ ಹಾಕಿದರೆ ತಡವಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಅದನ್ನೇ ಅವರ ನಮಸ್ಕಾರ ಎಂದು ತಿಳಿದುಕೋ. ಬೇಗ ಗುಣವಾಗು ಎಂದು ಅವಸರ ಮಾಡುವುದಿಲ್ಲ, ಪೂರ್ತಿ ಗುಣವಾಗು.

ನಿನ್ನ ಪ್ರೀತಿಯ
ತಂಗಿ

ಮರೆತ ಮಾತು: ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಇವರು ಕೆಳಗೆ ಹಾರನ್ ಹೊಡೆಯುತ್ತಿದ್ದಾರೆ, ಬೇಗ ಬರೆದುಬಿಡುತ್ತೇನೆ. ಅಣ್ಣಾ, ನಿನ್ನನ್ನು ನೆನೆದರೆ ನನಗೆ ಭಯವಾಗುತ್ತದೆ. ಕೋರ್ಟಿನಲ್ಲಿ ಯಾರೂ ಇದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ, ಅಮ್ಮನಿಗೂ ಗೊತ್ತಿಲ್ಲ. ನಿನ್ನದು ತಪ್ಪಲ್ಲ ಎಂದು ಬುದ್ಧಿ ಹೇಳಿದರೂ ಮೈ ಕೇಳುವುದಿಲ್ಲ. ನಿನ್ನನ್ನು ಜೈಲಿಗೆ ಹಾಕಿದ್ದರೂ ಈ ಭಯ ಹೋಗುತ್ತಿರಲಿಲ್ಲ, ಅದು ಖಂಡಿತ. ನೀನು ಬೇಡ ಅಂದರೂ ಬರುವ ಗುರುವಾರ ಬರುತ್ತೇನೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ, ನೀನು ಕಿಟಕಿಯ ಹತ್ತಿರ ಕೂತಿರು. ನಾನು ಅಷ್ಟು ದೂರ ಕೂತದ್ದು ನೋಡಿ ಬೇಜಾರಾಗಿ ಎದ್ದು ಹೋಗಬೇಡ. ಅದರ ಮುಂದಿನ ವಾರ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಳ್ಳುತ್ತೇನೆ.